16 ವಾಲ್ವ್ 4ಎ-ಜಿಇಗೆ ಐಟಿಬಿ: ಪವರ್‌ಗಾ, ಬರೀ ಸದ್ದಿಗಾ?

ಕೆಂಪು_ಸೂಜಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಟೊಯೊಟಾದ ದೊಡ್ಡ ಪೋರ್ಟ್‌ನ (ಹೆಡ್‌ನಲ್ಲಿ ಗಾಳಿಯ ದಾರಿ ಅಗಲ ಇರುವ) ಹಳೇ 4ಎ-ಜಿಇ ಎಂಜಿನ್, 16 ವಾಲ್ವ್, 1587 ಸಿಸಿ. ಟಿ-ವಿಐಎಸ್ (ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ಕೊಳವೆಗಳಲ್ಲಿ ಅರ್ಧ ಮುಚ್ಚಿಡುವ ವ್ಯವಸ್ಥೆ) ಇನ್ನೂ ಕೆಲಸ ಮಾಡುತ್ತದೆ. ಫ್ಲಾಪ್ ಇರುವ ಏರ್‌ಫ್ಲೋ ಮೀಟರ್ ಇದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕಂಪನಿಯದ್ದೇ, ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಕೂಡ ಸ್ಟಾಕ್. ಹೆಡರ್ ಮತ್ತು ಎಕ್ಸಾಸ್ಟ್ ಮಾತ್ರ ಬದಲಾಯಿಸಿದ್ದೇನೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಕಂಪ್ರೆಷನ್ ನಾಲ್ಕರಲ್ಲೂ ಸಮ ಇದೆ, ಆಯಿಲ್ ಕುಡಿಯುವುದಿಲ್ಲ.

ಟರ್ಬೊ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೇನೆ, ಆ ಜಗಳ ಇಲ್ಲಿ ತರಬೇಡಿ ದಯವಿಟ್ಟು. ನ್ಯಾಚುರಲಿ ಆಸ್ಪಿರೇಟೆಡ್ ಆಗಿಯೇ ಇರಲಿ, ಆದರೆ ಆಕ್ಸಿಲರೇಟರ್ ಮುಟ್ಟಿದ ತಕ್ಷಣ ಎಂಜಿನ್ ಎದ್ದು ಬರಬೇಕು. ಅದಕ್ಕೇ ಪ್ರತಿ ಸಿಲಿಂಡರ್‌ಗೂ ಒಂದೊಂದು ಥ್ರಾಟಲ್ (ಗಾಳಿ ಬಿಡುವ ಬಾಯಿ), ಅಂದರೆ ಐಟಿಬಿ, ಹಾಕೋಣ ಅಂತ ಯೋಚನೆ. 20 ವಾಲ್ವ್ ಎಂಜಿನ್‌ನ ಥ್ರಾಟಲ್ ಬಾಡಿಗಳನ್ನ ಅಡಾಪ್ಟರ್ ಮ್ಯಾನಿಫೋಲ್ಡ್ ಹಾಕಿ 16 ವಾಲ್ವ್ ಹೆಡ್‌ಗೆ ಕೂರಿಸುತ್ತಾರೆ ಅಂತ ಓದಿದ್ದೇನೆ. ಬೈಕ್ ಥ್ರಾಟಲ್ ಬಾಡಿ ಹಾಕಿದವರೂ ಇದ್ದಾರೆ, ವೆಬರ್ ಡಿಸಿಒಇ ಕಾರ್ಬ್ಯುರೇಟರ್ ಅಳತೆಗೆ ಮಾಡಿದ ರೆಡಿಮೇಡ್ ಬಾಡಿಗಳೂ ಸಿಗುತ್ತವೆ.

ಒಬ್ಬರು ಪವರ್ ಜಾಸ್ತಿ ಆಗುತ್ತದೆ ಅಂತಾರೆ, ಇನ್ನೊಬ್ಬರು ಸದ್ದು ಬಿಟ್ಟರೆ ಏನೂ ಇಲ್ಲ ಅಂತಾರೆ. ಯಾವುದು ನಿಜ? ಕಂಪನಿ ಇಸಿಯು ಇಟ್ಟುಕೊಂಡೇ ಓಡಿಸಬಹುದಾ? ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಎಲ್ಲಿಂದ ತರುವುದು? ಇದು ಟ್ರ್ಯಾಕ್‌ಗೆ ಮಾತ್ರ ಇಟ್ಟ ಗಾಡಿ ಅಲ್ಲ, ರಸ್ತೆಯಲ್ಲೂ ಓಡಾಡಬೇಕು. ಸಿಗ್ನಲ್‌ನಲ್ಲಿ ಪದೇ ಪದೇ ಆಫ್ ಆಗುವ ಗಾಡಿ ನನಗೆ ಬೇಡ.

ಗ್ರೀಸ್_ಕೈ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಟಾಕ್ ಕ್ಯಾಮ್ ಇಟ್ಟುಕೊಂಡು ಐಟಿಬಿ ಮಾತ್ರ ಹಾಕಿದರೆ ಡೈನೊ (ಪವರ್ ಅಳೆಯುವ ಯಂತ್ರ) ಶೀಟ್ ನೋಡಿ ಮುಖ ಸಣ್ಣಗಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಒಂದಿಷ್ಟು ಸಿಗಬಹುದು, ಕೆಳಗಡೆ ಅಷ್ಟನ್ನೇ ಕಳೆದುಕೊಳ್ಳಬಹುದು.

ನಾಲ್ಕು ಥ್ರಾಟಲ್ ಅಂದರೆ ನಾಲ್ಕು ಪಟ್ಟು ಗಾಳಿ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಸಿಲಿಂಡರ್ ಗಾಳಿ ಎಳೆಯುತ್ತಿರುತ್ತದೆ, ಅದು ಮುಗಿಸುವಾಗ ಮುಂದಿನದು ಶುರು ಮಾಡುತ್ತದೆ. 1.6 ಲೀಟರ್ ಎಂಜಿನ್ 7,500 ಆರ್‌ಪಿಎಂನಲ್ಲಿ ಪೂರ್ತಿ ತುಂಬಿಕೊಂಡರೆ ನಿಮಿಷಕ್ಕೆ 6,000 ಲೀಟರ್ ಗಾಳಿ, ಅಂದರೆ ಸೆಕೆಂಡಿಗೆ 100 ಲೀಟರ್. 60 ಎಂಎಂನ ಒಂದೇ ಥ್ರಾಟಲ್ ಇದ್ದರೆ ಅದರ ಬಾಯಿ 2,827 ಚದರ ಎಂಎಂ, ಗಾಳಿಯ ವೇಗ ಸೆಕೆಂಡಿಗೆ 35 ಮೀಟರ್ ಆಸುಪಾಸು. ಈಗ ನಾಲ್ಕು 45 ಎಂಎಂ ಥ್ರಾಟಲ್ ಹಾಕಿ. ಆ ಕ್ಷಣಕ್ಕೆ ದುಡಿಯುವುದು ಅದರಲ್ಲಿ ಒಂದೇ, ಅದರ ಬಾಯಿ 1,590 ಚದರ ಎಂಎಂ, ಅದರಲ್ಲಿ ಅದೇ 100 ಲೀಟರ್ ಹೋಗಬೇಕು ಅಂದರೆ ವೇಗ 63 ಮೀಟರ್ ಆಗುತ್ತದೆ. ಅಂದರೆ ಪೂರ್ತಿ ತೆರೆದಾಗ ದಾರಿ ಅಗಲ ಆಗಿಲ್ಲ, ಕಿರಿದಾಗಿದೆ! ಸರಿಯಾದ ಸೈಜಿನ ಒಂದೇ ಥ್ರಾಟಲ್ ಇರುವ ಎಂಜಿನ್‌ನಲ್ಲಿ ಥ್ರಾಟಲ್ ಬಾಡಿ ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ಕ್ಯಾಮ್, ಪೋರ್ಟ್, ಮ್ಯಾನಿಫೋಲ್ಡ್‌ನ ಕೊಳವೆಗಳು.

ಹಾಗಾದರೆ ರೇಸ್ ಎಂಜಿನ್‌ಗಳಿಗೆ ಯಾಕೆ ಹಾಕುತ್ತಾರೆ? ದೊಡ್ಡ ಕ್ಯಾಮ್‌ಗೋಸ್ಕರ. ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ಡಿಗ್ರಿಯಲ್ಲಿ) ಜಾಸ್ತಿ ಇರುವ ಕ್ಯಾಮ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ತೆರೆದಿರುವ ಹೊತ್ತು ಉದ್ದ. ಕಡಿಮೆ ಆರ್‌ಪಿಎಂನಲ್ಲಿ, ಥ್ರಾಟಲ್ ಮುಚ್ಚಿದಾಗ, ಇನ್‌ಟೇಕ್ ಕಡೆ ವ್ಯಾಕ್ಯೂಮ್ ಇರುತ್ತದಲ್ಲ, ಅದು ಸುಟ್ಟ ಗ್ಯಾಸನ್ನ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲ್ಲಾ ಸಿಲಿಂಡರ್‌ಗೂ ಒಂದೇ ಪ್ಲೀನಮ್ (ಗಾಳಿ ಹಂಚುವ ಡಬ್ಬಿ) ಇದ್ದರೆ ಆ ಗಲೀಜು ಪಕ್ಕದವನ ಪಾಲಿಗೂ ಹೋಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಿದ ಹಾಗೆ, ಒಬ್ಬ ಗೊರಕೆ ಹೊಡೆದರೆ ನಾಲ್ವರ ನಿದ್ದೆಯೂ ಹಾಳು. ಐಟಿಬಿಯಲ್ಲಿ ಬಟರ್‌ಫ್ಲೈ (ಥ್ರಾಟಲ್ ಒಳಗೆ ತಿರುಗುವ ತಟ್ಟೆ) ಇನ್‌ಟೇಕ್ ವಾಲ್ವ್‌ಗೆ ಹತ್ತಿರ ಇರುವುದರಿಂದ ಒಬ್ಬರ ಗಲಾಟೆ ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಅದಕ್ಕೇ 288 ಡಿಗ್ರಿ ಕ್ಯಾಮ್ ಒಂದೇ ಥ್ರಾಟಲ್‌ನಲ್ಲಿ ಕುಂಟುತ್ತದೆ, ನಾಲ್ಕು ಥ್ರಾಟಲ್‌ನಲ್ಲಿ ಒಪ್ಪುವ ಹಾಗೆ ನಿಲ್ಲುತ್ತದೆ.

ನಿಮ್ಮ ಸ್ಟಾಕ್ ಕ್ಯಾಮ್ 240 ಡಿಗ್ರಿ. ಅಲ್ಲಿ ಆ ಸಮಸ್ಯೆಯೇ ಇಲ್ಲ. ಇಲ್ಲದ ರೋಗಕ್ಕೆ ಔಷಧಿ ಯಾಕೆ?

ಇನ್ನೊಂದು ವಿಷಯ. ಐಟಿಬಿ ಮ್ಯಾನಿಫೋಲ್ಡ್ ಹಾಕಿದರೆ ಟಿ-ವಿಐಎಸ್ ಹೋಗುತ್ತದೆ. ನಿಮ್ಮದು ದೊಡ್ಡ ಪೋರ್ಟ್ ಹೆಡ್. ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಸಾಲುವುದಿಲ್ಲ ಅಂತಲೇ ಟೊಯೊಟಾ ಪ್ರತಿ ಸಿಲಿಂಡರ್‌ನ ಎರಡು ಕೊಳವೆಗಳಲ್ಲಿ ಒಂದನ್ನು ಮುಚ್ಚಿಡುವ ಆ ವ್ಯವಸ್ಥೆ ಇಟ್ಟಿದ್ದು. ಅದನ್ನು ಕಿತ್ತರೆ 4,000 ಆರ್‌ಪಿಎಂ ಕೆಳಗೆ ಎಂಜಿನ್ ಸ್ವಲ್ಪ ಸಪ್ಪೆ ಅನಿಸುತ್ತದೆ. ಇದನ್ನ ಯಾರೂ ಮೊದಲೇ ಹೇಳುವುದಿಲ್ಲ.

ನಾಲ್ಕನೇ_ಗೇರ್

ಗ್ರೀಸ್_ಕೈ ಹೇಳಿದ ಲೆಕ್ಕ ಒಪ್ಪುತ್ತೇನೆ, ತೀರ್ಪು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ಡೈನೊ ಶೀಟ್ ಕೇಳಿಲ್ಲ, ಮುಟ್ಟಿದ ತಕ್ಷಣ ಎದ್ದು ಬರಬೇಕು ಅಂತ ಕೇಳಿದ್ದಾರೆ. ಅದನ್ನ ಐಟಿಬಿ ಕೊಟ್ಟೇ ಕೊಡುತ್ತದೆ, ಕ್ಯಾಮ್ ಸ್ಟಾಕ್ ಇದ್ದರೂ ಕೊಡುತ್ತದೆ. ಒಂದೇ ಥ್ರಾಟಲ್ ಇದ್ದಾಗ ಬಟರ್‌ಫ್ಲೈ ತೆರೆದ ಮೇಲೆ ಪ್ಲೀನಮ್ ತುಂಬಬೇಕು, ಕೊಳವೆಗಳು ತುಂಬಬೇಕು, ಆಮೇಲೆ ಸಿಲಿಂಡರ್‌ಗೆ ಸುದ್ದಿ ಮುಟ್ಟುತ್ತದೆ. ಐಟಿಬಿಯಲ್ಲಿ ಬಟರ್‌ಫ್ಲೈ ಮತ್ತು ವಾಲ್ವ್ ನಡುವೆ ಇರುವ ಜಾಗವೇ ಸ್ವಲ್ಪ. ಕಾಲು ಎತ್ತಿದಾಗಲೂ ಅಷ್ಟೇ, ಆರ್‌ಪಿಎಂ ಬೇಗ ಇಳಿಯುತ್ತದೆ, ಗೇರ್ ಇಳಿಸುವಾಗ ರೆವ್ ಹೊಂದಿಸುವುದು ಎಷ್ಟು ಸುಲಭ ಅಂತ ಓಡಿಸಿದವರಿಗೇ ಗೊತ್ತು. ಇದು ಯಾವ ಶೀಟ್‌ನಲ್ಲೂ ಕಾಣುವುದಿಲ್ಲ.

ಕಾರ್ಖಾನೆಗಳೂ ಸುಮ್ನೆ ಹಾಕಿಲ್ಲ. ಬಿಎಂಡಬ್ಲ್ಯೂ ಎಂ3ಗಳಲ್ಲಿ ಹಳೇ ಎಸ್14ರಿಂದ ಹಿಡಿದು ಎಸ್54ವರೆಗೆ, ಆಮೇಲೆ ವಿ8 ಎಸ್65ರಲ್ಲಿ, ಎಂ5ನ ವಿ10 ಎಸ್85ರಲ್ಲಿ ಹತ್ತಕ್ಕೆ ಹತ್ತು. ನಿಸ್ಸಾನ್ ಆರ್‌ಬಿ26ರಲ್ಲಿ ಟರ್ಬೊ ಇದ್ದರೂ ಆರು ಥ್ರಾಟಲ್ ಇವೆ, ಅಲ್ಲಿ ಬೇಕಾಗಿದ್ದು ಸ್ಪಂದನೆಯೇ ಅಲ್ವಾ?

ನಿಮ್ಮ ಎಂಜಿನ್‌ನ ತಮ್ಮನನ್ನೇ ನೋಡಿ. 20 ವಾಲ್ವ್ 4ಎ-ಜಿಇ, 1991ರ ಸಿಲ್ವರ್ ಟಾಪ್‌ನಲ್ಲಿ 42 ಎಂಎಂ ಥ್ರಾಟಲ್, 10.5 ಕಂಪ್ರೆಷನ್, 160 ಪಿಎಸ್. 1995ರ ಬ್ಲ್ಯಾಕ್ ಟಾಪ್‌ನಲ್ಲಿ 45 ಎಂಎಂ, 11 ಕಂಪ್ರೆಷನ್, 165 ಪಿಎಸ್. ಅದೇ 1587 ಸಿಸಿ. ಆದರೆ ಇದನ್ನೂ ಗಮನಿಸಿ, ಅಲ್ಲಿ ಥ್ರಾಟಲ್ ಒಂದೇ ಬದಲಾಗಿಲ್ಲ. ಹೆಡ್ ಬೇರೆ, ಇನ್‌ಟೇಕ್ ಕ್ಯಾಮ್‌ಗೆ ವಿವಿಟಿ (ವಾಲ್ವ್ ತೆರೆಯುವ ಹೊತ್ತು ಬದಲಾಯಿಸುವ ವ್ಯವಸ್ಥೆ) ಇದೆ, ಕಂಪ್ರೆಷನ್ ಮೇಲಿದೆ. ನನ್ನ ಸಲಹೆ ಕೇಳಿದರೆ ಥ್ರಾಟಲ್ ಮಾತ್ರ ತರುವ ಬದಲು ಇಡೀ 20 ವಾಲ್ವ್ ಎಂಜಿನ್ನನ್ನೇ ತಂದು ಕೂರಿಸಿ. ತಲೆನೋವು ಹೆಚ್ಚುಕಡಿಮೆ ಅಷ್ಟೇ, ಸಿಗುವುದು ಜಾಸ್ತಿ.

ಮತ್ತೆ ಸದ್ದು. ಪೂರ್ತಿ ತೆರೆದಾಗ ನಾಲ್ಕು ಬಾಯಿ ಒಟ್ಟಿಗೆ ಗರ್ಜಿಸುವ ಆ ಸದ್ದಿಗೋಸ್ಕರ ಐಟಿಬಿ ಹಾಕಿದೆ ಅಂತ ಹೇಳೋಕೆ ಜನ ಯಾಕೆ ನಾಚಿಕೊಳ್ಳುತ್ತಾರೋ! ಅದೂ ಒಂದು ಕಾರಣವೇ.

ಕೆಂಪು_ಸೂಜಿ

ಇಬ್ಬರಿಗೂ ಧನ್ಯವಾದ. ಎಂಜಿನ್ ಬದಲಾಯಿಸುವುದಿಲ್ಲ, ಈ ಬ್ಲಾಕ್ ಜೊತೆ ನನಗೆ ಸ್ವಲ್ಪ ಮಮಕಾರ ಇದೆ, ಅದನ್ನ ಬಿಡಿ. ಕ್ಯಾಮ್ ಬಗ್ಗೆ ಹೇಳಿದ್ದು ಅರ್ಥ ಆಯಿತು. 272 ಡಿಗ್ರಿ ಕ್ಯಾಮ್ ಜೊತೆಗೇ ಹಾಕಿದರೆ ಹೇಗೆ? ಮತ್ತೆ ಇಸಿಯು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬ್ಲ್ಯಾಕ್ ಟಾಪ್‌ನಲ್ಲಿ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ಇದೆ, ಆದರೆ ಐಟಿಬಿಗೆ ಮ್ಯಾಪ್ ಸೆನ್ಸರ್ ಆಗುವುದಿಲ್ಲ ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಇದು ಹೇಗೆ?

ಟೇಬಲ್_ತಿದ್ದುವವ

ಇಸಿಯು ವಿಷಯ ನಾನು ಹೇಳುತ್ತೇನೆ, ಯಾಕಂದರೆ ಐಟಿಬಿ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಇರುವುದು. ಲೋಹದ ಕೆಲಸ ಮುಗಿದ ದಿನ ಎಲ್ಲಾ ಮುಗಿಯಿತು ಅಂದುಕೊಂಡವರ ಗಾಡಿಗಳೇ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತವೆ.

ಮೊದಲನೆಯದು, ಕಂಪನಿ ಇಸಿಯು ಆಗುವುದಿಲ್ಲ. ಫ್ಲಾಪ್ ಮೀಟರ್ ಹಾಕಬೇಕು ಅಂದರೆ ನಾಲ್ಕು ಬಾಯಿಯನ್ನೂ ಒಂದು ಪೆಟ್ಟಿಗೆಯಲ್ಲಿ ಮುಚ್ಚಿ ಅದರ ಮುಂದೆ ಮೀಟರ್ ಇಡಬೇಕು. ಸಿಲ್ವರ್ ಟಾಪ್‌ನಲ್ಲಿ ಟೊಯೊಟಾ ಅದನ್ನೇ ಮಾಡಿತ್ತು, ಓಡುತ್ತದೆ. ಆದರೆ 272 ಕ್ಯಾಮ್ ಹಾಕಿದರೆ ಗಾಳಿ ಹಿಂದೆ ಮುಂದೆ ಬಡಿದು ಫ್ಲಾಪ್ ನಡುಗುತ್ತದೆ, ಅದು ಕೊಡುವ ಲೆಕ್ಕ ನಂಬೋಕಾಗಲ್ಲ. ಹಾಗಾಗಿ ಪ್ರೋಗ್ರಾಮ್ ಮಾಡಬಹುದಾದ ಇಸಿಯು ಬೇಕೇ ಬೇಕು. ಗಾಳಿ-ಪೆಟ್ರೋಲ್ ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂಡ.

ಈಗ ಮ್ಯಾಪ್ ಸೆನ್ಸರ್ ಪ್ರಶ್ನೆ. 720 ಡಿಗ್ರಿಯ, ಅಂದರೆ ಕ್ರ್ಯಾಂಕ್‌ನ ಎರಡು ಸುತ್ತಿನ, ಒಂದು ಆವರ್ತನದಲ್ಲಿ ಸ್ಟಾಕ್ ಕ್ಯಾಮ್‌ನ ಇನ್‌ಟೇಕ್ ವಾಲ್ವ್ ತೆರೆದಿರುವುದು 240 ಡಿಗ್ರಿ. ಉಳಿದ 480 ಡಿಗ್ರಿ ಆ ಸಿಲಿಂಡರ್ ಏನೂ ಎಳೆಯುವುದಿಲ್ಲ. ಒಂದೇ ಪ್ಲೀನಮ್ ಆದರೆ ಆ ಹೊತ್ತಿನಲ್ಲಿ ಬೇರೆ ಮೂವರು ಎಳೆಯುತ್ತಿರುತ್ತಾರೆ, ವ್ಯಾಕ್ಯೂಮ್ ಸ್ಥಿರವಾಗಿರುತ್ತದೆ. ಐಟಿಬಿಯಲ್ಲಿ ಆ 480 ಡಿಗ್ರಿಯಲ್ಲಿ ಬಟರ್‌ಫ್ಲೈ ಸಂದಿಯಿಂದ ಗಾಳಿ ಒಳಗೆ ಬಂದು ಸಣ್ಣ ಕೊಳವೆ ತುಂಬಿಬಿಡುತ್ತದೆ. ಅಂದರೆ ಒತ್ತಡ ಮೇಲೆ ಕೆಳಗೆ ಕುಣಿಯುತ್ತದೆ, ಜೊತೆಗೆ ಥ್ರಾಟಲ್ ಸ್ವಲ್ಪ ತೆರೆದರೂ ಸರಾಸರಿ ಒತ್ತಡ ಹೊರಗಿನ ಗಾಳಿಯ ಹತ್ತಿರಕ್ಕೆ ಏರುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಕಾಲು ಭಾಗ ಥ್ರಾಟಲ್‌ಗೆಲ್ಲ ಮ್ಯಾಪ್ ಸೆನ್ಸರ್ ಪೂರ್ತಿ ತೆರೆದಷ್ಟೇ ತೋರಿಸಬಹುದು. ಅಲ್ಲಿಂದ ಮೇಲೆ ಅದು ಕುರುಡು.

ಪೂರ್ತಿ ತೆರೆದಾಗ ಒಂದೇ ಬಾಯಿ ಲೆಕ್ಕಕ್ಕೆ ಬರುತ್ತದೆ ಅಂತ ಗ್ರೀಸ್_ಕೈ ಹೇಳಿದರಲ್ಲ, ಸ್ವಲ್ಪ ತೆರೆದಾಗ ಇದು ತಿರುಗಿಬೀಳುತ್ತದೆ. ಆಗ ನಾಲ್ಕೂ ಸಂದಿಗಳು ಇಡೀ ಹೊತ್ತು ಗಾಳಿ ಬಿಡುತ್ತಿರುತ್ತವೆ, ನಾಲ್ಕನ್ನೂ ಕೂಡಿಸಬೇಕು. ನಾಲ್ಕು 45 ಎಂಎಂ ಸೇರಿದರೆ 60 ಎಂಎಂನ ಒಂದಕ್ಕಿಂತ ಎರಡೂಕಾಲು ಪಟ್ಟು. ಅದಕ್ಕೇ ಐಟಿಬಿ ಗಾಡಿಯ ಪೆಡಲ್ ಮೊದಲ ಕಾಲಿಂಚಿನಲ್ಲೇ ಎಗರುತ್ತದೆ, ಟ್ರಾಫಿಕ್‌ನಲ್ಲಿ ಜಗ್ಗುತ್ತದೆ. ಇದನ್ನ ಎರಡು ಕಡೆ ಸರಿಮಾಡಬಹುದು. ಒಂದು, ಕೇಬಲ್ ಸುತ್ತುವ ಚಕ್ರವನ್ನ ಉರುಟು ಬಿಟ್ಟು ಮೊಟ್ಟೆ ಆಕಾರದ್ದು ಹಾಕಿ, ಶುರುವಿನಲ್ಲಿ ನಿಧಾನ, ಆಮೇಲೆ ಬೇಗ ತೆರೆಯಲಿ. ಎರಡು, ಇಸಿಯುನ ಇಂಧನದ ಟೇಬಲ್‌ನಲ್ಲಿ ಥ್ರಾಟಲ್ ಮೆಟ್ಟಿಲುಗಳನ್ನ (ಶೇಕಡಾ ಲೆಕ್ಕದಲ್ಲಿ) ಕೆಳಗಡೆ ಒತ್ತೊತ್ತಾಗಿ ಇಡಿ. 0, 1, 2, 3, 5, 7, 10, 15, 20, 30, 50, 100 ಹೀಗೆ. 10, 20, 30 ಅಂತ ಸಮನಾಗಿ ಇಟ್ಟರೆ ಗಾಡಿ ಓಡುವ ಜಾಗವೆಲ್ಲ ಒಂದೇ ಎರಡು ಕೋಶಗಳಲ್ಲಿ ಮುಗಿದುಹೋಗುತ್ತದೆ. 50ರ ಮೇಲೆ ಅಷ್ಟೊಂದು ಕೋಶ ಇಟ್ಟು ಏನು ಮಾಡ್ತೀರಿ, ಅಲ್ಲಿ ಬದಲಾಗುವುದೇ ಕಡಿಮೆ.

ಇಂಧನದ ಲೆಕ್ಕ ಹೀಗೆ ಥ್ರಾಟಲ್ ಕೋನ ಮತ್ತು ಆರ್‌ಪಿಎಂ ನೋಡಿ ಮಾಡುವುದಕ್ಕೆ ಆಲ್ಫಾ-ಎನ್ ಅಂತಾರೆ. ಸರಳ, ದೊಡ್ಡ ಕ್ಯಾಮ್‌ಗೂ ಹೆದರುವುದಿಲ್ಲ. ಆದರೆ ಅದಕ್ಕೆ ಹೊರಗಿನ ಗಾಳಿಯ ಒತ್ತಡ ಗೊತ್ತಿಲ್ಲ. ಸಮುದ್ರ ಮಟ್ಟದಲ್ಲಿ ಸುಮಾರು 101 ಕೆಪಿಎ ಇರುವ ಒತ್ತಡ 1,000 ಮೀಟರ್ ಎತ್ತರದಲ್ಲಿ 90ಕ್ಕೆ ಇಳಿಯುತ್ತದೆ. ಕೆಳಗೆ ಟ್ಯೂನ್ ಮಾಡಿದ ಗಾಡಿ ಬೆಟ್ಟ ಹತ್ತಿದರೆ ಶೇಕಡಾ 10ಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಹಾಗಾಗಿ ಮ್ಯಾಪ್ ಸೆನ್ಸರ್‌ನ ಕೊಳವೆಯನ್ನ ಹೊರಗಿನ ಗಾಳಿಗೆ ತೆರೆದಿಟ್ಟು ಅದನ್ನೇ ಬ್ಯಾರೊ ಸೆನ್ಸರ್ ಆಗಿ ಬಳಸಿ.

ಬ್ಲ್ಯಾಕ್ ಟಾಪ್‌ನ ಗುಟ್ಟು ಏನೆಂದರೆ, ಒಂದು ಕೊಳವೆಯಿಂದ ಸಿಗ್ನಲ್ ತೆಗೆಯಬಾರದು. ನಾಲ್ಕೂ ಕೊಳವೆಗಳಿಂದ ಸಣ್ಣ ನಳಿಗೆ ಎಳೆದು ಒಂದು ಚಿಕ್ಕ ಡಬ್ಬಿಗೆ ಸೇರಿಸಿದರೆ ಕುಣಿತ ಕಡಿಮೆಯಾಗಿ ಓದಬಹುದಾದ ಸಿಗ್ನಲ್ ಸಿಗುತ್ತದೆ. ಸೌಮ್ಯ ಕ್ಯಾಮ್‌ಗೆ, ವಿವಿಟಿ ಇರುವ ಕಡೆ, ಅದು ನಡೆಯುತ್ತದೆ. ಇವತ್ತಿನ ಇಸಿಯುಗಳಲ್ಲಿ ಎರಡನ್ನೂ ಬೆರೆಸಬಹುದು. ಮೆಗಾಸ್ಕ್ವರ್ಟ್‌ನಲ್ಲಿ ಐಟಿಬಿ ಮೋಡ್ ಅಂತಲೇ ಇದೆ, ಐಡ್ಲಿಂಗ್ ಮತ್ತು ಕಡಿಮೆ ಲೋಡ್‌ಗೆ ಮ್ಯಾಪ್, ಮೇಲೆ ಥ್ರಾಟಲ್ ಕೋನ. ರಸ್ತೆ ಗಾಡಿಗೆ ನಾನು ಇದನ್ನೇ ಆರಿಸುತ್ತೇನೆ. ಬಿಎಂಡಬ್ಲ್ಯೂ ಕೂಡ 2003ರ ಎಂ3 ಸಿಎಸ್‌ಎಲ್‌ನಲ್ಲಿ ಏರ್‌ಮಾಸ್ ಮೀಟರ್ ಕಿತ್ತುಹಾಕಿ ಥ್ರಾಟಲ್ ಕೋನ ಮತ್ತು ಮ್ಯಾಪ್ ಸೆನ್ಸರ್ ದಾರಿಗೇ ಹೋಯಿತು.

272 ಕ್ಯಾಮ್ ಬಗ್ಗೆ: ಹಾಕಿ, ಆದರೆ ಕಂಪ್ರೆಷನ್ ಕೂಡ ಏರಿಸಿ. ಹಳೇ ದೊಡ್ಡ ಪೋರ್ಟ್ ಎಂಜಿನ್‌ನದು 9.4. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವ ಕ್ಯಾಮ್‌ಗೆ ಅದು ಸಾಲದು, ಕೆಳಗೆ ಇನ್ನೂ ಸಪ್ಪೆಯಾಗುತ್ತದೆ.

ಫೈಲು_ಮತ್ತು_ಲೇತು

ಟೇಬಲ್ ಕೆಲಸ ಅರ್ಧ ಅಂತ ಹೇಳಿದಿರಿ, ಸರಿ. ಆದರೆ ಲೋಹದ ಕೆಲಸ ಸರಿ ಇಲ್ಲದಿದ್ದರೆ ಯಾವ ಟೇಬಲ್ಲೂ ಉಳಿಸುವುದಿಲ್ಲ. ನಾಲ್ಕು ಬಟರ್‌ಫ್ಲೈ ಒಂದೇ ಸಮ ತೆರೆಯದಿದ್ದರೆ ಒಂದು ಸಿಲಿಂಡರ್ ಲೀನ್ (ಪೆಟ್ರೋಲ್ ಕಡಿಮೆ), ಒಂದು ರಿಚ್ (ಪೆಟ್ರೋಲ್ ಜಾಸ್ತಿ), ವೈಡ್‌ಬ್ಯಾಂಡ್ ಸರಾಸರಿ ತೋರಿಸಿ ಎಲ್ಲಾ ಚೆನ್ನಾಗಿದೆ ಅನ್ನುತ್ತದೆ.

ಯಾವ ಬಾಡಿ ಅನ್ನೋದಕ್ಕೆ ಮೊದಲು ಉತ್ತರ. ಡಿಸಿಒಇ ಅಳತೆಯ ಬಾಡಿಗಳು, ಜೆನ್ವೀ ಥರದವು, ಸುಲಭ, ಯಾಕಂದರೆ ಹಳೇ ವೆಬರ್ ಮ್ಯಾನಿಫೋಲ್ಡ್ ಯಾವುದಿದ್ದರೂ ಅದರ ಮೇಲೆ ಕೂರುತ್ತವೆ. 20 ವಾಲ್ವ್ ಬಾಡಿಗಳಲ್ಲಿ ಲಿಂಕೇಜ್ (ನಾಲ್ಕೂ ಬಟರ್‌ಫ್ಲೈಗಳನ್ನ ಒಟ್ಟಿಗೆ ತಿರುಗಿಸುವ ಜೋಡಣೆ) ಕಾರ್ಖಾನೆಯದ್ದು, ಅಚ್ಚುಕಟ್ಟು, ನಿಮಗೆ ಅಡಾಪ್ಟರ್ ಸಿಕ್ಕರೆ ಅದೇ ಹಾಕಿ. ಬೈಕ್‌ದ್ದು ಹಾಕುವುದಾದರೆ ಎರಡು ತೊಡಕು. ಬೈಕ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಹತ್ತಿರ ಹತ್ತಿರ ಇರುತ್ತವೆ, ಹಾಗಾಗಿ ಬಾಡಿಗಳನ್ನ ಬಿಡಿಸಿ ಶಾಫ್ಟ್ ಉದ್ದ ಮಾಡಬೇಕು, ಇಲ್ಲಾಂದರೆ ಮ್ಯಾನಿಫೋಲ್ಡ್ ಕೊಳವೆಗಳನ್ನ ಓರೆಯಾಗಿ ಒಳಕ್ಕೆ ತರಬೇಕು. ಸುಜುಕಿ ಜಿಎಸ್‌ಎಕ್ಸ್-ಆರ್‌ನ ಬಾಡಿಗಳಲ್ಲಿ ಎರಡನೇ ಬಟರ್‌ಫ್ಲೈ ಸಾಲು ಒಂದು ಇರುತ್ತದೆ, ಬೈಕ್‌ನ ಇಸಿಯು ಅದನ್ನ ಮೋಟರ್‌ನಿಂದ ಆಡಿಸುತ್ತದೆ. ಅದನ್ನ ತೆಗೆದುಹಾಕಿ, ಶಾಫ್ಟ್ ತೂತು ಮುಚ್ಚಿ.

ಲಿಂಕೇಜ್‌ನಲ್ಲಿ ನಾನು ಪದೇ ಪದೇ ನೋಡುವ ತಪ್ಪು ಎಂದರೆ ಕೇಬಲ್ಲನ್ನ ಒಂದು ತುದಿಗೆ ಕಟ್ಟುವುದು. ಶಾಫ್ಟ್ ತಿರುಚಿಕೊಳ್ಳುತ್ತದೆ, ಆ ತುದಿಯದ್ದು ತೆರೆದಾಗ ಈ ತುದಿಯದ್ದು ಇನ್ನೂ ಮಲಗಿರುತ್ತದೆ. ಮಧ್ಯದಿಂದ ಎಳೆಯಿರಿ. ರಿಟರ್ನ್ ಸ್ಪ್ರಿಂಗ್ ಎರಡು ಇರಲಿ, ಒಂದು ಮುರಿದರೂ ಇನ್ನೊಂದು ಮುಚ್ಚುವ ಹಾಗೆ. ಪೆಡಲ್ ಕೆಳಗೆ ಒಂದು ಸ್ಟಾಪ್ ಇರಲಿ, ಕಾಲಿನ ಭಾರ ಬಟರ್‌ಫ್ಲೈ ಶಾಫ್ಟ್ ಮೇಲೆ ಬೀಳಬಾರದು. ಬಟರ್‌ಫ್ಲೈ ಸ್ಕ್ರೂಗಳನ್ನ ಲಾಕ್ ಮಾಡಿದ್ದೀರಾ ಎರಡು ಸಲ ನೋಡಿ. ಅವು ಸಡಿಲವಾದರೆ ನೇರ ಸಿಲಿಂಡರ್ ಒಳಗೇ ಹೋಗೋದು, ನಡುವೆ ತಡೆಯೋಕೆ ಏನೂ ಇಲ್ಲ.

ಕೊಳವೆಯ ಉದ್ದಕ್ಕೆ ಬರೋಣ. ಐಟಿಬಿಯಿಂದ ನಿಜವಾಗಿ ಪವರ್ ಸಿಗುವ ಜಾಗ ಇದು, ಇಲ್ಲಿ ಯಾರೂ ಇನ್ನೂ ಮಾತಾಡಿಲ್ಲ. ವಾಲ್ವ್ ತೆರೆದು ಪಿಸ್ಟನ್ ಎಳೆದಾಗ ಒತ್ತಡ ಕಡಿಮೆಯಾದ ಒಂದು ಅಲೆ ಕೊಳವೆಯಲ್ಲಿ ಹೊರಗೆ ಓಡುತ್ತದೆ, ಟ್ರಂಪೆಟ್ (ಥ್ರಾಟಲ್ ಹೊರಗಿನ ಕಹಳೆಯಂಥ ಕೊಳವೆ) ಬಾಯಿ ಮುಟ್ಟಿದಾಗ ತಿರುಗಿ, ಈ ಸಲ ಒತ್ತಡ ಜಾಸ್ತಿಯಾದ ಅಲೆಯಾಗಿ ಒಳಗೆ ಬರುತ್ತದೆ. ವಾಲ್ವ್ ಮುಚ್ಚುವ ಮುಂಚೆ ಅದು ಬಂದು ತಲುಪಿದರೆ ಸಿಲಿಂಡರ್‌ಗೆ ಒಂದಿಷ್ಟು ಗಾಳಿ ಪುಕ್ಕಟೆ. ವಾಲ್ವ್‌ನಿಂದ ಬಾಯಿವರೆಗೆ 350 ಎಂಎಂ ಇದೆ ಅನ್ನಿ, ಹೋಗಿ ಬರೋಕೆ 700 ಎಂಎಂ. ಬೆಚ್ಚಗಿನ ಗಾಳಿಯಲ್ಲಿ ಅಲೆಯ ವೇಗ ಸೆಕೆಂಡಿಗೆ 350 ಮೀಟರ್ ಅಂತಿಟ್ಟರೆ ಎರಡು ಮಿಲಿಸೆಕೆಂಡ್. 7,000 ಆರ್‌ಪಿಎಂನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ 84 ಡಿಗ್ರಿ ತಿರುಗಿರುತ್ತದೆ. ಅತಿ ಜೋರಾಗಿ ಎಳೆಯುವುದು ಸ್ಟ್ರೋಕ್‌ನ ನಡುವೆ, ಅಲ್ಲಿಂದ 84 ಡಿಗ್ರಿ ಅಂದರೆ ಸ್ಟ್ರೋಕ್‌ನ ಕೊನೆ, ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಅದೇ ಕೊಳವೆ 3,500ರಲ್ಲಿ 42 ಡಿಗ್ರಿಗೇ ಬಂದು ಹೋಗಿಬಿಡುತ್ತದೆ, ಉಪಯೋಗ ಕಡಿಮೆ. ಇದು ಒರಟು ಲೆಕ್ಕ, ಪೋರ್ಟ್ ಆಕಾರ, ಕ್ಯಾಮ್ ಎಲ್ಲಾ ಸೇರಿದರೆ ಬದಲಾಗುತ್ತದೆ. ಆದರೆ ಜನ ಬಾನೆಟ್ ಮುಚ್ಚಬೇಕು ಅಂತ ಮೂರಿಂಚಿನ ಟ್ರಂಪೆಟ್ ಹಾಕಿ ಮಧ್ಯದ ಟಾರ್ಕ್ ಎಲ್ಲಿ ಹೋಯಿತು ಅಂತ ಹುಡುಕುವುದನ್ನ ನೋಡಿದ್ದೇನೆ. ಜಾಗ ಎಷ್ಟು ಕೊಡುತ್ತದೋ ಅಷ್ಟು ಉದ್ದ ಇಡಿ, ಬೇರೆ ಬೇರೆ ಉದ್ದದ ಟ್ರಂಪೆಟ್‌ಗಳನ್ನ ಡೈನೊ ಮೇಲೆ ಬದಲಾಯಿಸಿ ನೋಡಿ.

ಬಾಯಿಯ ಅಂಚು ಪೂರ್ತಿ ಹೊರಳಿರಲಿ. ಅದರ ಮುಂದೆ ಗೋಡೆ ಇದ್ದರೆ ಕನಿಷ್ಠ ಟ್ರಂಪೆಟ್ ವ್ಯಾಸದಷ್ಟು ಖಾಲಿ ಜಾಗ ಬಿಡಿ.

ಬ್ಯಾಲೆನ್ಸ್ ಮಾಡುವಾಗ ಲಿಂಕೇಜ್ ಕಳಚಿ ಶುರು ಮಾಡಿ. ನಾಲ್ಕನ್ನೂ ಒಂದೊಂದಾಗಿ ಮುಚ್ಚಿ ಸ್ಟಾಪ್ ಸ್ಕ್ರೂ ಸಮ ಮಾಡಿ, ಎಂಜಿನ್ ಬಿಸಿ ಮಾಡಿ, ಸಿಂಕ್ರೊಮೀಟರ್ (ಒಂದೊಂದು ಬಾಯಿಗೂ ಎಷ್ಟು ಗಾಳಿ ಹೋಗುತ್ತದೆ ಅಂತ ತೋರಿಸುವ ಮೀಟರ್) ಇಟ್ಟು ಐಡ್ಲಿಂಗ್‌ನಲ್ಲಿ ಓದಿ. ಆಮೇಲೆ ಲಿಂಕೇಜ್ ಜೋಡಿಸಿ 2,500 ಅಥವಾ 3,000 ಆರ್‌ಪಿಎಂನಲ್ಲಿ ಮತ್ತೆ ಓದಿ. ಐಡ್ಲಿಂಗ್‌ನಲ್ಲಿ ಸಮ ಇದ್ದು ಮೇಲೆ ಬೇರೆಯಾದರೆ ತಪ್ಪು ಲಿಂಕೇಜ್‌ನಲ್ಲಿ, ಬೈಪಾಸ್ ಸ್ಕ್ರೂ ತಿರುಗಿಸಿ ಮುಚ್ಚಿಹಾಕಬೇಡಿ. ಯಾವುದೋ ಒಂದು ಏನು ಮಾಡಿದರೂ ಸಮಕ್ಕೆ ಬರುತ್ತಿಲ್ಲ ಅಂದರೆ ಗ್ಯಾಸ್ಕೆಟ್ ಹತ್ತಿರ ಗಾಳಿ ಸೋರುತ್ತಿದೆ, ಹೊಗೆ ಬಿಟ್ಟು ನೋಡಿ.

ನಾಲ್ಕನೇ_ಗೇರ್

ಫಿಲ್ಟರ್‌ಗೆ ಜಾಲರಿ ಸಾಕು ಅಲ್ವಾ? ಫೋಮ್ ಸಾಕ್ಸ್ ಹಾಕಿದರೆ ಸದ್ದೂ ಹೋಗುತ್ತೆ, ಪವರೂ ಹೋಗುತ್ತೆ ಅಂತಾರೆ.

ಫೈಲು_ಮತ್ತು_ಲೇತು

ಜಾಲರಿ ಕಲ್ಲು ತಡೆಯುತ್ತದೆ, ಧೂಳು ತಡೆಯುವುದಿಲ್ಲ. ಎಂಜಿನ್ ತಿನ್ನುವುದು ಧೂಳು. ಸೆಕೆಂಡಿಗೆ 100 ಲೀಟರ್ ಗಾಳಿಯ ಲೆಕ್ಕ ಮೇಲೆ ಬಂತಲ್ಲ, ಅಷ್ಟೂ ಗಾಳಿಯ ಧೂಳು ರಿಂಗ್ ಮತ್ತು ಬೋರ್ ಉಜ್ಜುತ್ತಾ ಕೂರುತ್ತದೆ. ಟ್ರ್ಯಾಕ್‌ಗೆ ಮಾತ್ರ ಹೋಗುವ, ಮತ್ತೆ ಮತ್ತೆ ಬಿಚ್ಚುವ ಎಂಜಿನ್ ಆದರೆ ನಿಮ್ಮಿಷ್ಟ. ಪ್ರಶ್ನೆ ಕೇಳಿದವರದು ರಸ್ತೆ ಗಾಡಿ.

ಒಂದೊಂದು ಬಾಯಿಗೂ ಸಾಕ್ಸ್ ತೊಡಿಸುವುದಕ್ಕಿಂತ ನಾಲ್ಕಕ್ಕೂ ಸೇರಿ ಒಂದು ಹಿಂಬದಿ ತಟ್ಟೆ, ಅದರ ಮೇಲೆ ಒಂದು ದೊಡ್ಡ ಫೋಮ್ ಫಿಲ್ಟರ್ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಮುಚ್ಚಿದ ಏರ್‌ಬಾಕ್ಸ್, ಮುಂದಿನಿಂದ ತಣ್ಣನೆ ಗಾಳಿ. ಬಾನೆಟ್ ಕೆಳಗಿನ ಬಿಸಿ ಗಾಳಿ ಕುಡಿದರೆ ಪ್ರತಿ 10 ಡಿಗ್ರಿಗೆ ಶೇಕಡಾ 3ರಷ್ಟು ಸಾಂದ್ರತೆ ಹೋಗುತ್ತದೆ. ಸದ್ದಿನ ಆಸೆಗೆ ತೆರೆದ ಟ್ರಂಪೆಟ್ ಇಟ್ಟು ಕ್ಯಾಮ್‌ನಿಂದ ಗಳಿಸಿದ್ದನ್ನ ಅಲ್ಲೇ ಕಳೆಯುವುದು ಯಾಕೆ. ಏರ್‌ಬಾಕ್ಸ್ ಒಳಗೂ ಸದ್ದು ಚೆನ್ನಾಗೇ ಬರುತ್ತದೆ, ಸಿಎಸ್‌ಎಲ್ ಕೇಳಿಲ್ವಾ?

ಕೆಂಪು_ಸೂಜಿ

ಸರಿ, ನನಗೆ ಈಗ ದಾರಿ ಸ್ವಲ್ಪ ಕಾಣುತ್ತಿದೆ. ಮೊದಲು ಇಸಿಯು ಮತ್ತು ವೈಡ್‌ಬ್ಯಾಂಡ್ ಹಾಕಿ ಈಗಿರುವ ಒಂದೇ ಥ್ರಾಟಲ್‌ನಲ್ಲೇ ಟ್ಯೂನ್ ಮಾಡಿಸುತ್ತೇನೆ. ಆಮೇಲೆ ಕ್ಯಾಮ್, ಕಂಪ್ರೆಷನ್, 20 ವಾಲ್ವ್ ಬಾಡಿ ಮೂರೂ ಒಂದೇ ಸಲ. ಬ್ರೇಕ್ ಮತ್ತು ಐಡ್ಲಿಂಗ್ ಪ್ರಶ್ನೆ ಉಳಿದಿದೆ.

ಗ್ರೀಸ್_ಕೈ

ಆ ಸರದಿ ಚೆನ್ನಾಗಿದೆ. ಹೊಸ ಇಸಿಯು ಹೊಸ ಥ್ರಾಟಲ್ ಒಟ್ಟಿಗೆ ಹಾಕಿದರೆ ಗಾಡಿ ಸ್ಟಾರ್ಟ್ ಆಗದ ದಿನ ತಪ್ಪು ಯಾವುದರದ್ದು ಅಂತ ಹುಡುಕೋದೇ ಕೆಲಸ. ನಿಮ್ಮಲ್ಲಿ ಗಾಡಿ ಬದಲಾವಣೆಗೆ, ಹೊಗೆ ಪರೀಕ್ಷೆಗೆ ಇರುವ ನಿಯಮವನ್ನೂ ಸಾಮಾನು ತರುವ ಮೊದಲೇ ನೋಡಿಕೊಳ್ಳಿ.

ಐಡ್ಲಿಂಗ್‌ಗೆ: ನಾಲ್ಕೂ ಕೊಳವೆಗಳಿಂದ ಸಣ್ಣ ನಳಿಗೆಗಳು ಬಂದು ಒಂದು ಉದ್ದ ರೈಲ್‌ಗೆ ಸೇರಲಿ, ಐಡಲ್ ವಾಲ್ವ್ ಆ ರೈಲ್‌ಗೆ ಗಾಳಿ ಕೊಡಲಿ. ನಳಿಗೆಗಳ ತೂತು ತೀರಾ ದೊಡ್ಡದಾಗಬಾರದು, ದೊಡ್ಡದಾದರೆ ಸಿಲಿಂಡರ್‌ಗಳು ರೈಲ್ ಮೂಲಕವೇ ಮಾತಾಡಿಕೊಳ್ಳೋಕೆ ಶುರು ಮಾಡಿ ಐಟಿಬಿ ಹಾಕಿದ್ದೇ ದಂಡ ಆಗುತ್ತದೆ. ಜೊತೆಗೆ ಇಸಿಯುನಲ್ಲಿ ಇಗ್ನಿಷನ್ ಟೈಮಿಂಗ್‌ನಿಂದ ಐಡಲ್ ಹಿಡಿಯುವ ಆಯ್ಕೆ ಆನ್ ಮಾಡಿ. ಆರ್‌ಪಿಎಂ ಬಿದ್ದರೆ ನಾಲ್ಕೈದು ಡಿಗ್ರಿ ಮುಂದೆ, ಏರಿದರೆ ಹಿಂದೆ. ಗಾಳಿ ವಾಲ್ವ್‌ಗಿಂತ ಅದು ಬೇಗ ಕೆಲಸ ಮಾಡುತ್ತದೆ. 272 ಕ್ಯಾಮ್‌ಗೆ ಐಡಲ್ಲನ್ನ 850ಕ್ಕೆ ತರಬೇಕು ಅಂತ ಹಠ ಮಾಡಬೇಡಿ, 1,000 ಹತ್ತಿರ ಇರಲಿ ಬಿಡಿ, ಸಿಗ್ನಲ್‌ನಲ್ಲಿ ಆಫ್ ಆಗುವುದಿಲ್ಲ.

ಬ್ರೇಕ್‌ಗೂ ಅದೇ ಥರ ನಾಲ್ಕೂ ಕೊಳವೆಯಿಂದಲೇ ತೆಗೆಯಬೇಕು. ಒಂದೇ ಕೊಳವೆಯಿಂದ ಬೂಸ್ಟರ್‌ಗೆ ಎಳೆದರೆ ಬ್ರೇಕ್ ಒತ್ತಿದಾಗೆಲ್ಲ ಆ ಒಂದು ಸಿಲಿಂಡರ್ ಲೀನ್ ಆಗುತ್ತದೆ. ರೈಲ್ ಮತ್ತು ಬೂಸ್ಟರ್ ನಡುವೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಗಾಳಿ ಬಿಡುವುದು) ಇರಲೇಬೇಕು, ಒಂದು ಸಣ್ಣ ವ್ಯಾಕ್ಯೂಮ್ ಟ್ಯಾಂಕ್ ಸೇರಿಸಿದರೆ ಇನ್ನೂ ನೆಮ್ಮದಿ. ಕ್ಯಾಮ್ ಇದಕ್ಕಿಂತ ದೊಡ್ಡದಾದರೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಬೇಕಾಗುತ್ತದೆ. ಫ್ಯುಯಲ್ ಪ್ರೆಶರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಮಾತ್ರ ಇದಕ್ಕೆ ಸೇರಿಸಬೇಡಿ, ಹೊರಗಿನ ಗಾಳಿಗೆ ಬಿಡಿ, ಒತ್ತಡ ಸ್ಥಿರವಾಗಿರಲಿ, ಟೇಬಲ್ ತಿದ್ದೋದು ಸುಲಭ.

ಎಲ್ಲಾ ಜೋಡಿಸಿದ ಮೇಲೆ ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ಲನ್ನ ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ, ಚೆಕ್ ವಾಲ್ವ್ ಉಲ್ಟಾ ಹಾಕಿದ್ದೀರಾ ಅಂತ ಮೊದಲು ನೋಡಿ.